ಆಚೆಕರೆ ಸಂಕದ ಠರಾವು

ಬಾಗಿಲಹೊಳೆ ಪಂಚಾಯತ್ ಬೋರ್ಡಿನಲ್ಲಿ ಎದುರು ಮಾತಿಲ್ಲದೆ ಒಂದು ಠರಾವೂ ಮಂಜೂರಾದದ್ದಿಲ್ಲ, ಆಗುವಂತೆಯೂ ಇಲ್ಲ. ಕೋಟದಿಂದ ಬಿಜೂರಿನವರೆಗೆ ಎಷ್ಟೋ ಊರುಗಳಿವೆ. ಅಲ್ಲೆಲ್ಲ ಮೆಂಬರುಗಳು ಕೈ ಎತ್ತಿ, ಚಾ ಕುಡಿದು, ಮನೆಗೆ ಹೋಗುತ್ತಾರಂತೆ. ಬಾಗಿಲಹೊಳೆಯವರಿಗೆ ಅಂಥ ಸಭೆ ಉಪ್ಪಿಲ್ಲದ ಗಂಜಿ.

ಇದಕ್ಕೆ ಕಾರಣ ದ್ವೇಷವಲ್ಲ. ಬೋರ್ಡಿನ ಮೆಂಬರುಗಳೆಲ್ಲ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ವೇಷವಿಲ್ಲದೆ, ಕುಣಿತವಿಲ್ಲದೆ, ಎದುರುಬದುರು ಕೂತು, ಭಾಗವತರು ಒಂದು ಪದ್ಯ ಹಾಡಿ ನಿಲ್ಲಿಸಿದ ಕೂಡಲೇ ಬರೀ ಮಾತಿನಲ್ಲಿ ಒಬ್ಬರನ್ನೊಬ್ಬರು ಕೆಡಹುವ ವಿದ್ಯೆ ಅದು. ಅದರಲ್ಲಿ ಹೆಸರು ಮಾಡದವನಿಗೆ ಊರು ಓಟು ಹಾಕುವುದಿಲ್ಲ. ಆದ್ದರಿಂದ ಬೋರ್ಡು ತನ್ನ ಮೊದಲ ಸಭೆಯಲ್ಲೇ ಒಂದು ನಿಯಮ ಮಾಡಿಕೊಂಡಿತು: “ಯಾವ ವಿಷಯಕ್ಕೆ ಎದುರು ಅರ್ಥ ಬಂದಿಲ್ಲವೋ ಆ ವಿಷಯವು ಚರ್ಚೆಯಾಗಿಲ್ಲವೆಂದು ಭಾವಿಸಿ ಮುಂದಿನ ಸಭೆಗೆ ಹಾಕತಕ್ಕದ್ದು.” ಹಿಂದಿನ ಅಧ್ಯಕ್ಷರು ತೀರಿಕೊಂಡಾಗ ಸಂತಾಪದ ಠರಾವಿಗೂ ಎದುರು ಬೇಕಾಯಿತು. ಸೂರ ಎಂಬ ಮೆಂಬರು ಎದ್ದುನಿಂತು ಮರಣದ ಪರವಾಗಿ ಎಷ್ಟು ಚೆಂದ ಮಾತಾಡಿದನೆಂದರೆ, ತೀರಿಕೊಂಡವರ ಮಗನೇ ಕಣ್ಣೊರೆಸಿಕೊಂಡು, “ಹೌದ್, ಅಪ್ಪಯ್ಯ ಹೋದದ್ದೇ ಒಳ್ಳೇದಾಯ್ತ್” ಅಂದ. ಸಂತಾಪ ಒಂದೇ ಮತದಿಂದ ಹೇಗೋ ಪಾರಾಯಿತು.

ಈ ಬೋರ್ಡಿನಲ್ಲಿ ಆಚೆಕರೆಯ ಮೆಂಬರು ಕೃಷ್ಣಯ್ಯನವರು. ಪೇಟೆಯಲ್ಲಿ ಸಣ್ಣ ಜಿನಸಿನ ಅಂಗಡಿ, ದೊಡ್ಡ ಗಂಟಲು. ಎದುರು ಪಾತ್ರದ ಅರ್ಥಕ್ಕೆ ಕುಂದಾಪುರ ತಾಲೂಕಿನಲ್ಲಿ ಅವರನ್ನು ಬಿಟ್ಟರೆ ಇಲ್ಲ ಎಂದು ಅವರೇ ಎಷ್ಟೋ ಸಲ ಒಪ್ಪಿಕೊಂಡಿದ್ದರು. ಊರಿನ ಹೊಳೆಯ ಈಚೆ ಬೋರ್ಡಾಫೀಸು, ಪೇಟೆ, ಶಾಲೆ. ಆಚೆ ಮೀನುಗಾರರ ಮನೆಗಳು, ಒಂದಿಷ್ಟು ಗದ್ದೆ, ಕೃಷ್ಣಯ್ಯನವರ ಮನೆ. ನಡುವೆ ದಾಟಲು ಒಂದು ಸಂಕ ಇತ್ತು. ಬೋರ್ಡು ಬರುವ ಮೊದಲು ಆಚೆಕರೆಯವರು ಮಳೆಗೆ ಮುಂಚೆ ಎರಡು ತೆಂಗಿನ ದಿಮ್ಮಿ ಅಡ್ಡ ಹಾಕಿ, ಹಿಡಿದುಕೊಳ್ಳಲು ಪಕ್ಕಕ್ಕೊಂದು ಬಿದಿರು ಕಟ್ಟಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದರು. ಬೋರ್ಡು ಬಂದ ಮೇಲೆ ಹೊಳೆ ಬೋರ್ಡಿನದಾಯಿತು. ಅಪ್ಪಣೆಯಿಲ್ಲದೆ ಅದರ ಮೇಲೆ ಏನು ಹಾಕಿದರೂ ಒತ್ತುವರಿ.

ಹಳೆಯ ಸಂಕವನ್ನು ಹೋದ ವರ್ಷದ ನೆರೆ ಒಯ್ದಿತ್ತು. ಯುದ್ಧ ಮುಗಿದ ಮರುವರ್ಷದ ಮೇ ತಿಂಗಳು ಅದು. ಹೊಳೆಯಲ್ಲಿ ಮೊಣಕಾಲು ನೀರು, ಬಟ್ಟೆ ಎತ್ತಿ ಕಟ್ಟಿದರೆ ದಾಟಬಹುದು. ಮಳೆ ಹಿಡಿದರೆ ದೊಡ್ಡವರ ಕುತ್ತಿಗೆಯವರೆಗೆ, ಮಕ್ಕಳ ತಲೆಯ ಮೇಲೆ. ಸಭೆಯ ದಿನ ಬೆಳಿಗ್ಗೆ ಮೀನು ಮಾರುವ ಬೆಳ್ಳಿ ದಾರಿಗೆ ಅಡ್ಡ ನಿಂತಳು.

“ಅಯ್ಯಾ, ದಿಮ್ಮಿ ನಮ್ಮನಿಯವ್ರ್ ಕಡ್ದ್ ಇಟ್ಟಾಯ್ತ್. ನೀವ್ ಬೋರ್ಡಂಗೆ ಒಂದ್ ಹೂಂ ಅನ್ಸಿ, ಸಾಕ್. ಮಳಿ ಹಿಡ್ದ್ರೆ ಒಣಮೀನ್ ಬುಟ್ಟಿ ಹೊತ್ಕಂಡ್ ನಾನ್ ಹ್ಯಾಂಗ್ ದಾಂಟುದ್?”

ಹೆಂಡತಿ ಸುಂದರಿಯ ಮಾತು ಇನ್ನೂ ಸ್ಪಷ್ಟವಾಗಿತ್ತು. “ಹ್ವಾಯ್, ಮೋಹಿನಿ ಈ ವರ್ಷ ಮೂರ್ನೇ ಕ್ಲಾಸ್. ಸಂಕ ಇಲ್ದಿರೆ ಹೆಣ್ಣ್ ಮಳೆಗಾಲ ಇಡೀ ಮನೆಯಂಗೇ. ಶಾಲಿ ಒಂದ್ಸಲ ತಪ್ರೆ ಮತ್ತ್ ತಪ್ಪದ್ದೇ. ಇವತ್ತಾರೂ ಬಾಯ್ ಮುಚ್ಕಂಡ್ ಕೈ ಎತ್ತಿ ಬನ್ನಿ.”

ಕೃಷ್ಣಯ್ಯನವರು ಹಾಗೆಯೇ ಮಾಡುವುದೆಂದು ಹೊರಟರು. ಮಗಳು ಓದಬೇಕೆಂಬ ಆಸೆ ಅವರಿಗೆ ಹೆಂಡತಿಗಿಂತ ಹೆಚ್ಚೇ ಇತ್ತು.

ಸಭೆ ಕ್ರಮಪ್ರಕಾರ ಆರಂಭವಾಯಿತು. ಮೊದಲು ಬೀಡಾಡಿ ದನಗಳ ದೊಡ್ಡಿಗೆ ಚಿಲಕ ಕೂರಿಸುವ ವಿಷಯ. ದನಗಳ ಸ್ವಾತಂತ್ರ್ಯದ ಬಗ್ಗೆ ಎದುರು ಅರ್ಥ ಬಹಳ ಜೋರಾಗಿ ಬಂದದ್ದರಿಂದ, ಚಿಲಕವನ್ನು ಕೂರಿಸತಕ್ಕದ್ದು, ಆದರೆ ಹಾಕತಕ್ಕದ್ದಲ್ಲ ಎಂದು ತೀರ್ಮಾನವಾಯಿತು. ಆಮೇಲೆ ಸಂಕ. ಕೃಷ್ಣಯ್ಯನವರು ವಿಷಯ ಎತ್ತಿದ ಕೂಡಲೇ ಎಲ್ಲರೂ ತಲೆಯಾಡಿಸಿದರು. ಸಂಕ ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಅಧ್ಯಕ್ಷ ಪ್ರೇಮಾನಂದ ರಾಯರು ಸುತ್ತ ನೋಡಿದರು. “ಎದುರು ಯಾರ್?”

ಎಲ್ಲರೂ ಸೂರನ ಮುಖ ನೋಡಿದರು. ಸೂರ ತನ್ನ ಕುತ್ತಿಗೆ ಮುಟ್ಟಿ ತೋರಿಸಿದ. ಅವನ ಗಂಟಲು ಕೆರಾಡಿಯ ತಾಳಮದ್ದಳೆ ಕೂಟದಲ್ಲಿ ಹೋದದ್ದು ಇನ್ನೂ ಬಂದಿರಲಿಲ್ಲ.

“ಎದುರಿಲ್ದೆ ಆತಿಲ್ಲೆ ಕೃಷ್ಣಯ್ಯ. ಮುಂದಿನ ಸಭಿಗೆ ಹಾಕುವ” ಎಂದರು ಅಧ್ಯಕ್ಷರು.

“ಮುಂದಿನ ಸಭಿಗೆ ಹೊಳಿ ತುಂಬಿರತ್ತ್ ಮರಾಯ್ರೆ!”

“ನಿಯಮ ಮಾಡದ್ದ್ ನಾವೇ ಅಲ್ದಾ?”

ಕೃಷ್ಣಯ್ಯನವರಿಗೆ ಬೆಳ್ಳಿಯ ಬುಟ್ಟಿ ಕಣ್ಣಿಗೆ ಕಟ್ಟಿತು, ಮಗಳ ಸ್ಲೇಟು ಕಣ್ಣಿಗೆ ಕಟ್ಟಿತು. “ಹಾಂಗಾರೆ ಎದುರು ನಾನೇ ಹೇಳ್ತೆ” ಅಂದುಬಿಟ್ಟರು.

ಒಬ್ಬನೇ ತನಗೆ ತಾನೇ ಎದುರಾಗಬಹುದೇ ಎಂಬ ಸಂದೇಹ ಬಂತು. ಗುಮಾಸ್ತ ವೆಂಕಟ ನಿಯಮ ಓದಿ ಹೇಳಿದ: ಎದುರು ಅರ್ಥ ಬರಬೇಕೆಂದು ಇದೆಯೇ ಹೊರತು ಬೇರೆ ಬಾಯಿಂದ ಬರಬೇಕೆಂದು ಇಲ್ಲ. ಸಭೆಗೆ ಸಮಾಧಾನವಾಯಿತು.

ಪರವಾಗಿ ಹೇಳುವುದು ಬೇಗ ಮುಗಿಯಿತು. ಸಂಕ ಬೇಕು, ಜನ ದಾಟಬೇಕು. ಇದರಲ್ಲಿ ಬೆಳೆಸುವುದಕ್ಕೆ ಏನಿದೆ? ಆಮೇಲೆ ಕೃಷ್ಣಯ್ಯನವರು ಎದುರಿನ ಕುರ್ಚಿಗೆ ಹೋಗಿ ಕೂತು, ನೀರು ಕುಡಿದು, ಶಾಸ್ತ್ರಕ್ಕೆ ನಾಲ್ಕು ಮಾತು ಆಡಿ ಏಳುವುದೆಂದು ಬಾಯಿ ತೆರೆದರು. ಆ ಕುರ್ಚಿಯಲ್ಲಿ ಕೂತು ಸೋತ ಅಭ್ಯಾಸ ಅವರಿಗಿರಲಿಲ್ಲ ಎಂಬುದು ಅವರಿಗೇ ಮರೆತಿತ್ತು.

“ಸಂಕವೆಂದರೇನು? ಈ ದಡವನ್ನು ಆ ದಡಕ್ಕೆ ಮುಟ್ಟಿಸುವುದಷ್ಟೆ? ಮುಟ್ಟಿದ ಮೇಲೆ ಎರಡು ದಡಗಳೆಲ್ಲಿ? ದಡವೆರಡಿಲ್ಲದ ಮೇಲೆ ಹೊಳೆಯೆಲ್ಲಿ? ಇಲ್ಲದ ಹೊಳೆಗೆ ಸಂಕವೆ?” ಮೆಂಬರುಗಳು ನೆಟ್ಟಗೆ ಕೂತರು. “ಇನ್ನೂ ಕೇಳಿ. ಇಲ್ಲಿರುವ ನಾವು ಅದನ್ನು ಆಚೆಕರೆ ಎನ್ನುತ್ತೇವೆ. ಅಲ್ಲಿರುವವರು ಇದನ್ನು ಆಚೆಕರೆ ಎನ್ನುತ್ತಾರೆ. ನಿಂತವನಿಗೆ ತಾನು ನಿಂತದ್ದು ಎಂದೂ ಆಚೆಕರೆಯಲ್ಲ! ಅಂದಮೇಲೆ ಆಚೆಕರೆಯೆಂಬುದು ಯಾರೂ ನಿಂತಿರದ ಊರು. ಯಾರೂ ಇಲ್ಲದ ಊರಿಗೆ ಈ ಬೋರ್ಡು ದಾರಿ ಮಾಡಿಸಬೇಕೆ?”

ವೆಂಕಟ ಬರೆಯುವುದನ್ನು ಬಿಟ್ಟು ಬಾಯಿ ತೆರೆದು ಕೂತ. ಗಂಟಲಿಲ್ಲದ ಸೂರ ತೊಡೆ ತಟ್ಟಿದ. ಅಧ್ಯಕ್ಷರು ಶಲ್ಯದಿಂದ ಕಣ್ಣೊತ್ತಿಕೊಂಡು, ಠರಾವು ತಂದವರು ಉತ್ತರ ಕೊಡಬೇಕೆಂದು ಸೂಚಿಸಿದರು. ಕೃಷ್ಣಯ್ಯನವರು ತಮ್ಮ ಮೊದಲಿನ ಕುರ್ಚಿಗೆ ಹೋಗಿ ಕೂತು ಯೋಚಿಸಿದರು.

“ನಂಗೆ ಉತ್ತರ ಕಾಂತಿಲ್ಲೆ” ಅಂದರು.

ಅರ್ಥಧಾರಿಗೆ ಸೋಲುವುದು ಅವಮಾನವಲ್ಲ, ಸೋತ ಮೇಲೂ ಒಪ್ಪದಿರುವುದು ಅವಮಾನ. ಮರ್ಯಾದಸ್ಥರಾದ ಕೃಷ್ಣಯ್ಯನವರು ಸಂಕದ ವಿರುದ್ಧ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಠರಾವು ಸರ್ವಾನುಮತದಿಂದ ಬಿತ್ತು. ಕೃಷ್ಣಯ್ಯನವರನ್ನು ಸೋಲಿಸಿದ್ದಕ್ಕಾಗಿ ಕೃಷ್ಣಯ್ಯನವರಿಗೆ ಶಾಲು ಹೊದಿಸುವುದೆಂದೂ, ಬಟ್ಟೆಗೆ ಕಂಟ್ರೋಲ್ ಇರುವುದರಿಂದ ಅದು ಸಿಗುವವರೆಗೆ ಹೊದಿಸಿದಂತೆ ಭಾವಿಸತಕ್ಕದ್ದೆಂದೂ ಬೋರ್ಡು ಗೊತ್ತುಮಾಡಿತು.

ಹೊಳೆಗಿಳಿದು ಮನೆಗೆ ಬರುವಾಗ ಕೃಷ್ಣಯ್ಯನವರಿಗೆ ತನ್ನಷ್ಟು ದೊಡ್ಡ ಮಂಗ ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತು. ಎರಡು ಹೆಜ್ಜೆ ಮುಂದೆ ಬಂದಾಗ, ಆಚೆಕರೆಯ ಮಾತನ್ನು ಇನ್ನೊಂದು ಸುತ್ತು ಬೆಳೆಸಬಹುದಿತ್ತು ಅಂತಲೂ ಅನ್ನಿಸಿತು.

“ಆಯ್ತಾ?” ಎಂದಳು ಸುಂದರಿ.

“ಆಯ್ತ್. ನಾನ್ ಗೆದ್ದೆ.”

“ಸಂಕ?”

“ಅದ್ ಸೋತ್ಹೋಯ್ತ್.”

ಅವಳು ಅನ್ನ ಬಡಿಸಿದಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ಆಚೆಕರೆಯವರೆಲ್ಲ ಸೇರಿದರು. ಕಡಿದಿಟ್ಟ ದಿಮ್ಮಿಗಳ ಮೇಲೆ ಕೂತು, ಎಂತ ಹೇಳಿದಿರಿ ಅಂತ ಕೇಳಿದರು. ಕೃಷ್ಣಯ್ಯನವರು ಹೇಳಿದರು. ಒಂದು ಸಲ ಕೇಳಿ ಸಾಲದೆ ಇನ್ನೊಂದು ಸಲ ಹೇಳಿಸಿದರು. ಬೆಳ್ಳಿ ಮಾತ್ರ ನಿಂತೇ ಇದ್ದಳು.

“ಕೇಂಬುಕೆ ಚಂದ ಇತ್ತ್ ಅಯ್ಯ. ಆರೆ ನಾನ್ ಈಗ ನಿಂತದ್ದ್ ಎಲ್ಲಿ?”

ಕೃಷ್ಣಯ್ಯನವರು ಅದಕ್ಕೆ ಸ್ವಲ್ಪ ಸಮಯ ಬೇಕೆಂದರು. ಬೆಳ್ಳಿಯ ಗಂಡ ಕರಿಯ, ಹಾಗಾದರೆ ನಾವೇ ಹಾಕುವ ಅಂತ ದಿಮ್ಮಿಗೆ ಕೈ ಹಚ್ಚಿದ. ಅದೂ ಆಗುವಂತಿರಲಿಲ್ಲ. “ಬ್ಯಾಡ ಕರಿಯ. ಬೋರ್ಡ್ ಬ್ಯಾಡ ಅಂದ ಮೇಲೆ ಹಾಕ್ರೆ ಕೇಸಾತ್ತ್. ಬ್ಯಾಡ ಅಂದವ ನಾನೇ, ಸಾಕ್ಷಿ ಹೇಳುಕೂ ನಾನೇ ಹೋಯ್ಕ್.” ಕರಿಯ ಕೈ ತೆಗೆದ.

ಮಳೆ ಹಿಡಿಯಿತು. ಹೊಳೆ ಇಲ್ಲವೆಂದು ತೀರ್ಮಾನವಾಗಿದ್ದರೂ ದಾಟುವುದಕ್ಕೆ ಒಂದು ವ್ಯವಸ್ಥೆ ಬೇಕೆಂದು ಬೋರ್ಡಿಗೆ ತೋರಿತು. ದಾಟಿಸುವ ಗುತ್ತಿಗೆ ಅಧ್ಯಕ್ಷರ ಸೋದರಳಿಯ ಶೇಖರನಿಗೆ ಹೋಯಿತು. ಇದಕ್ಕೂ ನೆಂಟಸ್ತಿಕೆಗೂ ಸಂಬಂಧವಿಲ್ಲವೆಂದು ಬೇರೆಯೇ ಒಂದು ಠರಾವಾಯಿತು. ಶೇಖರನಿಗೆ ನೀರೆಂದರೆ ಶೀತ. ಆದ್ದರಿಂದ ಗುತ್ತಿಗೆ ಅವನದು, ಹೆಗಲು ಕರಿಯನದು. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಸುವಂತಿಲ್ಲ, ಕರಿಯನಿಗೂ ಬೇರೆ ಕೆಲಸವಿರಲಿಲ್ಲ. ಜನರನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸುತ್ತ ನಿಂತ.

ಹೆಗಲಿಗೂ ನಿಯಮವಿತ್ತು. “ಬೋರ್ಡಿನ ಕೆಲಸವಿದ್ದವರನ್ನು ಮಾತ್ರ ಹೊರತಕ್ಕದ್ದು.” ಬೆಳ್ಳಿ ಒಣಮೀನು ಮಾರಲು ಪೇಟೆಗೆ ಹೋಗಬೇಕಾದ ದಿನವೆಲ್ಲ ಬೋರ್ಡಿಗೆ ಒಂದು ದೂರು ಕೊಡಬೇಕಾಯಿತು. ಅವಳನ್ನು ನೋಡಿ ಉಳಿದವರೂ ದೂರು ಹಿಡಿದು ಬಂದರು. ಕೆಲಸ ಹೆಚ್ಚಾಯಿತೆಂದು ಬೋರ್ಡು ಎರಡನೆಯ ಗುಮಾಸ್ತನನ್ನು ನೇಮಿಸಿತು. ಅದಕ್ಕೂ ಅಧ್ಯಕ್ಷರ ಮನೆಯಲ್ಲಿ ಇನ್ನೊಬ್ಬ ಅಳಿಯ ಇದ್ದದ್ದು ಊರಿನ ಪುಣ್ಯ. ಶಾಲೆ ಮಾತ್ರ ಡಿಸ್ಟ್ರಿಕ್ಟ್ ಬೋರ್ಡಿಗೆ ಸೇರಿದ್ದರಿಂದ ಮಕ್ಕಳು ಈ ಹೆಗಲಿಗೆ ಬರುತ್ತಿರಲಿಲ್ಲ. ಮೋಹಿನಿ ಚಾವಡಿಯಲ್ಲಿ ಕೂತು ಮಳೆ ನೋಡಿದಳು.

ಸಂಕದ ವಿಷಯ ಮಾತ್ರ ಬೋರ್ಡನ್ನು ಬಿಡಲಿಲ್ಲ. ಜನರ ಒತ್ತಾಯದ ಮೇರೆಗೆ ಅದನ್ನು ಪ್ರತಿ ಸಭೆಗೂ ಇಡಲಾಯಿತು. ಪದ್ಯ ಹಾಡುವ ಭಾಗವತರಾಗಿ ಬಚ್ಚ ಎಂಬವ ಬಂದ, ಮದ್ದಳೆ ಬಂತು, ಕೇಳುವವರು ಆಫೀಸಿನ ಜಗಲಿ ತುಂಬಿ ಅಂಗಳಕ್ಕೆ ಚೆಲ್ಲಿದರು. ಎದುರು ಅರ್ಥ ಯಾವಾಗಲೂ ಕೃಷ್ಣಯ್ಯನವರದೇ. ಸಂಕವಾದರೆ ಈ ಪ್ರಸಂಗವೇ ನಿಂತುಹೋಗುತ್ತದೆಂಬ ಭಯ ಆಚೆಕರೆಯವರಿಗೂ ಹತ್ತಿತು. ಪರವಾಗಿ ಹೇಳಿದ ಸೂರ ಗಂಟಲು ಸರಿಯಾದ ಮೇಲೂ ಸೋತ. ಆಮೇಲೆ ಆ ಕುರ್ಚಿಗೆ ಯಾರೂ ಬಾರದಾದರು.

ಆಗ ಸುಂದರಿ ಒಂದು ಉಪಾಯ ಮಾಡಿದಳು. ಶ್ರಾವಣದ ಸಭೆಯ ದಿನ ಮೋಹಿನಿಗೆ ತಲೆ ಬಾಚಿ, ಪರವಾಗಿ ಹೇಳುವವಳು ಇವಳು ಎಂದು ಗಂಡನ ಜೊತೆ ಹೊರಡಿಸಿದಳು. ಬೋರ್ಡಿನ ಕೆಲಸವಾದ್ದರಿಂದ ಹೆಗಲಿಗೆ ಅಡ್ಡಿ ಬರಲಿಲ್ಲ.

“ನೀವ್ ಊರಿನವ್ರಿಗೆ ಸೋಲುದಿಲ್ಲೆ. ಮಗ್ಳಿಗಾರೂ ಸೋಲಿ” ಎಂದಳು. ಕೃಷ್ಣಯ್ಯನವರು ಆಯ್ತು ಅಂದರು. ಮನಸ್ಸಿನಿಂದಲೇ ಅಂದರು.

ಮೋಹಿನಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಬಚ್ಚ ಪದ್ಯ ಹಾಡಿ ನಿಲ್ಲಿಸಿದ. ಅವಳು ಅಪ್ಪನ ಮುಖ ನೋಡಿ ಹೇಳಿದಳು: “ನಂಗೆ ಶಾಲಿಗೆ ಹೋಯ್ಕ್.”

ಅಷ್ಟೇ. ಇಷ್ಟು ತಿಂಗಳಲ್ಲಿ ಈ ಮಾತನ್ನು ಯಾರೂ ಎತ್ತಿರಲಿಲ್ಲ. ಅಧ್ಯಕ್ಷರು ಪೆಚ್ಚಾಗಿ ಕೆಮ್ಮಿದರು. ಸೋತೆ ಎಂಬ ಒಂದೇ ಶಬ್ದ ಸಾಕಿತ್ತು, ಅದು ಕೃಷ್ಣಯ್ಯನವರ ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಬಚ್ಚ ತಾಳ ಮುಟ್ಟಿದ, ಅಂಗಳದ ಜನ ಕತ್ತು ಮುಂದೆ ಚಾಚಿದರು, ಬಾಯಿ ತಾನಾಗಿ ತೆರೆಯಿತು.

“ಮಗೂ, ಶಾಲೆಗೆ ಹೋಗುವುದು ಯಾಕೆ? ಕಲಿಯುವುದಕ್ಕೆ. ಕಲಿಯಬೇಕೆಂಬ ಈ ದೊಡ್ಡ ಆಸೆಯನ್ನು ನಿನಗೆ ಯಾವ ಶಾಲೆ ಕಲಿಸಿತು? ಶಾಲೆಯಲ್ಲ, ಮನೆ! ಎಲ್ಲಕ್ಕಿಂತ ಹಿರಿಯ ಪಾಠವೇ ಮನೆಯಲ್ಲಿ ಆದ ಮೇಲೆ, ಕಿರಿಯ ಪಾಠಕ್ಕಾಗಿ ನೀರಿಗಿಳಿಯುವುದೆ?”

ಅಂಗಳವೆಲ್ಲ ಚಪ್ಪಾಳೆಯಾಯಿತು. ದೂರು ಹಿಡಿದು ಬಂದಿದ್ದ ಬೆಳ್ಳಿಯೂ ಬುಟ್ಟಿ ಕೆಳಗಿಟ್ಟು ತಟ್ಟಿದಳು. ಮೋಹಿನಿ ಒಂದು ಗಳಿಗೆ ಅಪ್ಪನನ್ನೇ ನೋಡಿದಳು. ಮುಖ ಅರಳಿತು, ಅವಳೂ ಚಪ್ಪಾಳೆ ತಟ್ಟಿದಳು. ಕೃಷ್ಣಯ್ಯನವರು ಮಗಳ ಕಡೆ ನೋಡದೆ ಎದ್ದುನಿಂತು ಎಲ್ಲರಿಗೂ ಕೈ ಮುಗಿದರು.

ಹಿಂದಿರುಗುವಾಗ ಕರಿಯ ಒಂದು ಹೆಗಲಿಗೆ ಕೃಷ್ಣಯ್ಯನವರನ್ನೂ ಇನ್ನೊಂದಕ್ಕೆ ಮೋಹಿನಿಯನ್ನೂ ಏರಿಸಿಕೊಂಡ. ಮಾತು ಬಿಟ್ಟರೆ ಕೃಷ್ಣಯ್ಯನವರಲ್ಲಿ ಹೆಚ್ಚು ಭಾರವಿರಲಿಲ್ಲ.

“ಅಪ್ಪಯ್ಯ, ನೀವ್ ಹೇಳ್ದದ್ದೇ ಸಮ” ಎಂದಳು ಮೋಹಿನಿ. “ನಂಗೆ ಶಾಲಿ ಬ್ಯಾಡ. ಅಮ್ಮಂಗೆ ನಾನೇ ಹೇಳ್ತೆ.”

ಅದಕ್ಕೆ ಎದುರು ಹೇಳಲು ಕೃಷ್ಣಯ್ಯನವರಿಗೆ ಒಂದು ಮಾತೂ ಸಿಗಲಿಲ್ಲ.

“ನಂಗೂ ಹಾಂಗೇ ಕಂಡ್ತ್ ಅಯ್ಯ” ಎಂದು ಕರಿಯ, ನೀರು ಬಾಯಿಗೆ ಬಾರದಂತೆ ಗದ್ದ ಮೇಲೆತ್ತಿಕೊಂಡು ನಡೆದ.