ಮೂಲ ಪ್ರತಿ ಎಲ್ಲಿ?

ಕಂಡವರ ಹೆಸರು, ಅವರಪ್ಪನ ಹೆಸರು, ಹುಟ್ಟಿದ ತಾರೀಖು ಕೇಳುವುದೇ ಉದ್ಯೋಗವಾದರೆ, ಸಂಜೆ ಮನೆಗೆ ಬಂದು ಒಬ್ಬಳೇ ಕೂತು ನಗುವುದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತದೆ. ನನಗೆ ಈ ಉದ್ಯೋಗ ಸಿಕ್ಕಿದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ತಲೆ ಪೂರಾ ನೆರೆತ ಕಾಲದಲ್ಲಿ.

ನಾನು ಚಿಂತಾಮಣಿಯವಳು. ಗಂಡನ ರೈಲ್ವೆ ನೌಕರಿಯ ಹಿಂದೆ ಬೆಳಗಾವಿಗೆ ಬಂದು, ಶಿವಬಸವ ನಗರದಲ್ಲಿ ಮನೆ ಮಾಡಿ ಅಲ್ಲಿಯವಳೇ ಆಗಿಬಿಟ್ಟೆ. ಮಾತು ಮಾತ್ರ ಚಿಂತಾಮಣಿಯದೇ ಉಳಿಯಿತು. ಒಬ್ಬ ತೆರಿಗೆ ವಕೀಲರ ಕಚೇರಿಯಲ್ಲಿ ಬಹಳ ಕಾಲ ಟೈಪಿಂಗ್ ಮಾಡಿದೆ. ವಕೀಲರಿಗೆ ವಯಸ್ಸಾಗಿ ಕಚೇರಿ ಮುಚ್ಚುವ ಮಾತು ಬಂತು. ಅದೇ ಹೊತ್ತಿಗೆ ಪ್ಯಾನ್ ಕಾರ್ಡಿನ ಅರ್ಜಿ ತೆಗೆದುಕೊಳ್ಳುವ ಕೆಲಸವನ್ನು ಸರಕಾರ ಹೊರಗಿನ ಕಂಪನಿಗೆ ವಹಿಸಿತು. ಕಂಪನಿ ತರಬೇತಿ ಕೊಟ್ಟು ಏಜೆಂಟರನ್ನು ನೇಮಿಸುತ್ತದೆ ಎಂದು ಸುದ್ದಿ.

"ನೀವ ಹೋಗ್ರಿ ಅಕ್ಕಾರ," ಎಂದರು ವಕೀಲರು. "ನನ್ನ ಬೋರ್ಡ್ ಇಳೀಲಿ, ನಿಮ್ಮ ಬೋರ್ಡ್ ಏರಲಿ."

ನನ್ನ ಹೆಸರಿನದೇ ಒಂದು ಬೋರ್ಡು! ಆ ಆಸೆಗೆ ಬಿದ್ದು ಹೋದೆ.

ಪಾಠ

ತರಬೇತಿ ನಡೆದದ್ದು ಬೆಳಗಾವಿಯ ಒಂದು ಲಾಡ್ಜಿನ ಹಾಲಿನಲ್ಲಿ. ಪಾಠ ಹೇಳಲು ಬಂದವರು ಇಡೀ ದಿನ ಹೇಳಿದ್ದು ಒಂದೇ ಮಾತು: ಯಾರನ್ನೂ ನಂಬಬೇಡಿ. ಝೆರಾಕ್ಸ್ ತಂದರೆ ನಂಬಬೇಡಿ, ಮೂಲ ಪ್ರತಿ ಕೇಳಿ. ಮುಖ ನೋಡಿ ನಂಬಬೇಡಿ. ಸ್ವಂತ ಅಣ್ಣ ಬಂದರೂ ನಂಬಬೇಡಿ.

ಕೊನೆಗೆ ಇನ್ನೊಂದು ಬಾಂಬು ಹಾಕಿದರು. "ಈಗ ನಿಮಗೆ ಕೊಡೋದು ತಾತ್ಕಾಲಿಕ ಪ್ರಮಾಣಪತ್ರ. ಕಾಯಂ ಆಗೋ ತನಕ ಬೋರ್ಡ್ ಹಾಕೋ ಹಾಗಿಲ್ಲ. ಮುಂದೆ ಯಾವತ್ತಾದರೂ ನಮ್ಮವರೊಬ್ಬರು ಗಿರಾಕಿ ವೇಷದಲ್ಲಿ ಬರ್ತಾರೆ. ಮೂಲ ಪ್ರತಿ ನೋಡದೆ ಅವರ ಅರ್ಜಿ ತಗೊಂಡ್ರೋ, ಪ್ರಮಾಣಪತ್ರ ಅಲ್ಲೇ ರದ್ದು. ಸರಿ, ಬ್ಯಾಗುಗಳನ್ನ ಇಲ್ಲೇ ಬಿಟ್ಟು ಎಲ್ಲರೂ ಚಹಾಕ್ಕೆ ಹೋಗಿ."

ಒಬ್ಬರೂ ಏಳಲಿಲ್ಲ. ಕೊನೆಗೆ ಅಷ್ಟೂ ಜನ ಕಂಕುಳಲ್ಲಿ ಬ್ಯಾಗು ಅವಚಿಕೊಂಡು ಚಹಾ ಕುಡಿದೆವು. ಪಾಠ ಹೇಳಿದವರಿಗೂ ನಮ್ಮ ಮೇಲೆ ಅನುಮಾನ ಬಂದಿರಬೇಕು, ಅವರೂ ತಮ್ಮ ಬ್ಯಾಗು ಎತ್ತಿಕೊಂಡೇ ಬಂದಿದ್ದರು.

ಮೊದಲ ಗಿರಾಕಿ

ಮೊದಲ ಅರ್ಜಿ ನಮ್ಮ ಯಜಮಾನರದು. ಮನೆಗೆ ಟೆಲಿಫೋನು ಹಾಕಿಸಬೇಕಿತ್ತು, ಅದಕ್ಕೆ ಕಾರ್ಡು ಕೇಳುತ್ತಿದ್ದರು. ಅರ್ಜಿ, ಫೋಟೋ, ಝೆರಾಕ್ಸ್ ತಂದು ಊಟದ ಮೇಜಿನ ಮೇಲೆ ಇಟ್ಟರು.

"ಮೂಲ ಪ್ರತಿ ಎಲ್ಲಿ?" ಎಂದೆ.

"ಯಾತಕ್ಕೆ?"

"ನೀವು ನೀವೇ ಅನ್ನೋದಕ್ಕೆ."

"ಲೇ, ಮೂವತ್ತು ವರ್ಷದಿಂದ ಅನ್ನ ಬಡಿಸ್ತಿದೀಯ, ನಾನು ಯಾರು ಅಂತ ಗೊತ್ತಿಲ್ವಾ?"

"ಗೊತ್ತಿದೆ. ಆದರೆ ಪುರಾವೆ ಬೇಕು."

ನಿಜ ಹೇಳಬೇಕೆಂದರೆ, ಕಂಪನಿಯವರು ಇವರನ್ನೇ ಹಿಡಿದು ನನ್ನ ಮೇಲೆ ಬಿಟ್ಟಿರಬಹುದೇ ಎಂಬ ಅನುಮಾನವೂ ಒಳಗೇ ಇತ್ತು. ಯಜಮಾನರು ಟ್ರಂಕು ಇಳಿಸಿ, ನುಸಿಗುಳಿಗೆಯ ವಾಸನೆಯ ನಡುವೆ ಹುಡುಕಿ ಹುಡುಕಿ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ತಂದು ನನ್ನ ಮುಂದೆ ಕುಕ್ಕಿದರು. ನಾನು ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿದೆ.

"ನಿನ್ನ ಮದುವೆ ಮಾಡಿಕೊಡೋವಾಗ ನಿಮ್ಮಪ್ಪ ಕೂಡ ಇಷ್ಟು ವಿಚಾರಿಸಿರಲಿಲ್ಲ" ಎಂದು ಎದ್ದು ಹೋದರು.

ಹೊಲದ ಪಾಲು

ಬೆಳಗಾವಿ ಶಹರದಲ್ಲಿ ಏಜೆಂಟರು ಆಗಲೇ ತುಂಬಿದ್ದರಿಂದ ನನಗೆ ಖಾನಾಪುರ ತಾಲೂಕು ಕೊಟ್ಟರು. ಸಂತೆಯ ದಿನ ಬಸ್ಸು ಹಿಡಿದು ಹೋಗಿ ಒಂದು ಗೊಬ್ಬರದಂಗಡಿಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಅಂಗಡಿಯವರ ತಾಯಿಯೂ ಅಲ್ಲೇ ಗೋಡೆಗೊರಗಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ಊರಿಗೆಲ್ಲ ಆಕೆ ಆಯಿ, ಅಂದರೆ ಅಜ್ಜಿ; ಹೊರಗಿನಿಂದ ಬಂದ ನಾನು ಬಾಯಿ, ಬಾಯಾರು, ಅಂದರೆ ಅಮ್ಮನವರು. ನನ್ನ ಮಾತು ಕೇಳಿದ ಕೂಡಲೇ, "ಈ ಬಾಯಾರ ಮಾತು ಭಾಳ ಮೆತ್ತಗ ಅದಾವ. ಹಿಂಗ ಮೆತ್ತಗ ಮಾತಾಡಾವ್ರ ಜೋಡಿ ಹುಷಾರಾಗಿರಬೇಕ" ಎಂದು ನನ್ನೆದುರಿಗೇ ಹೇಳಿದ್ದರು.

ನಂದಗಡದಿಂದ ಹಿಟ್ಟಿನ ಗಿರಣಿಯ ಗಂಡ ಹೆಂಡತಿ ಬಂದರು. ಗಿರಣಿ ಹೆಂಡತಿಯ ಹೆಸರಿನಲ್ಲಿತ್ತು. ಹೆಸರು ಬರೆದುಕೊಂಡು, "ತಂದೆಯ ಹೆಸರು?" ಎಂದೆ.

ಗಂಡ ತನ್ನ ಹೆಸರು ಹೇಳಿದ.

"ಗಂಡನ ಹೆಸರಲ್ಲಪ್ಪ, ತಂದೆಯದು. ಮದುವೆಯಾದ ಹೆಂಗಸರಿಗೂ ತಂದೆಯ ಹೆಸರೇ ಬರೀಬೇಕು."

ಅವನ ಮುಖ ಕಪ್ಪಿಟ್ಟಿತು. "ಅದ್ಹೆಂಗ್ರಿ? ಲಗ್ನ ಆಗಿ ನಮ್ಮ ಮನಿಗೆ ಬಂದಾಳ. ಎಲ್ಲಾ ಕಡೆ ನನ್ನ ಹೆಸರ ಐತಿ. ಈಗ ಸರಕಾರದವ್ರು ಆಕಿನ್ನ ಹೊಳ್ಳಿ ತವರುಮನಿಗೆ ಕಳಸತಾರೇನ?"

ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು. ಅದರಿಂದ ಅವನ ಅನುಮಾನ ಇನ್ನೂ ಹೆಚ್ಚಾಯಿತು. "ವಿಚಾರ ಮಾಡತೇನ್ರಿ" ಎಂದು ಹೆಂಡತಿಯನ್ನು ಎಬ್ಬಿಸಿಕೊಂಡು ಹೋದ.

ಮುಂದಿನ ಸಂತೆಗೆ ಅವರು ಮತ್ತೆ ಬಂದು ಕೂತಿದ್ದಾಗಲೇ ಹೆಂಡತಿಯ ಅಣ್ಣ ಏದುಸಿರು ಬಿಡುತ್ತ ಬಂದ. "ಬಾಯಾರ, ನಮ್ಮಪ್ಪನ ಹೆಸರ ಯಾಕ ಬರಸಾಕತ್ತೀರಿ? ನಾಳೆ ಈ ಕಾರ್ಡ್ ತೋರಿಸಿ ಹೊಲದಾಗ ಪಾಲು ಕೇಳಾಕ ಹೌದಲ್ಲೋ?"

ಈ ಕಾರ್ಡಿಗೂ ಹೊಲಕ್ಕೂ ಸಂಬಂಧವಿಲ್ಲ ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಗಂಡ ಮುಂದಕ್ಕೆ ಸರಿದು ಕೂತ. ಮುಖ ಬೆಳಗುತ್ತಿತ್ತು.

"ಪಾಲು ಬರತೈತೇನ್ರಿ? ಹಂಗಾರ ಮಾವನ ಹೆಸರ ಜರಾ ದಪ್ಪ ಅಕ್ಷರದಾಗ ಬರೀರಿ."

ಎಮ್ಮೆ

ಗುಂಜಿಯ ಕಾಡಂಚಿನಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಒಬ್ಬ ಅಜ್ಜನಿಗೆ ಬ್ಯಾಂಕಿನವರು ಕಾರ್ಡು ಕೇಳಿದ್ದರು. ಎಲ್ಲ ಸರಿ ಇತ್ತು, ಫೋಟೋ ಒಂದು ಬಿಟ್ಟು.

"ಒಬ್ಬಾಂವಂದ ಫೋಟೋ ತಗಸೂದಿಲ್ರಿ. ಒಬ್ಬಾಂವಂದ ಫೋಟೋ ಅಂದ್ರ ಗ್ವಾಡಿಗೆ ಹಾಕೂದು, ಮ್ಯಾಲ ಮಾಲಿ ಹಾಕೂದು. ಇದ್ದಾಗನ ನನ್ನ ಕಳಸಬೇಕಂತ ಮಾಡೀರೇನು?"

ಬಹಳ ಹೇಳಿದ ಮೇಲೆ ಎಮ್ಮೆಯ ಜೊತೆ ನಿಂತು ತೆಗೆಸಿಕೊಳ್ಳಲು ಒಪ್ಪಿದ. ಫೋಟೋದವನು ಎಷ್ಟು ಕತ್ತರಿಸಿದರೂ ಅಜ್ಜನ ಭುಜದ ಮೇಲೆ ಒಂದು ಕೋಡು ಉಳಿಯಿತು. ಕಂಪನಿಯಿಂದ ಅರ್ಜಿ ವಾಪಸ್ಸು ಬಂತು: ಫೋಟೋದಲ್ಲಿ ಅರ್ಜಿದಾರರು ಒಬ್ಬರೇ ಇರಬೇಕು.

ಅಜ್ಜ ಫೋಟೋ ತಿರುಗಿಸಿ ತಿರುಗಿಸಿ ನೋಡಿದ. "ಅರ್ಜಿ ಹಾಕಿದಾಂವ ನಾ ಒಬ್ಬನ ಅಲ್ಲೇನ್ರಿ? ಎಮ್ಮಿ ಎಲ್ಲೆ ಅರ್ಜಿ ಹಾಕೇತಿ?"

ಭಜಿ ತಿಂದವರು

ಇಷ್ಟರಲ್ಲಿ ನನ್ನ ಅನುಮಾನ ವಿಪರೀತಕ್ಕೆ ಹೋಗಿತ್ತು. ಯಾರು ಬಂದರೂ ಕಂಪನಿಯ ವೇಷಧಾರಿಯೇ ಎನಿಸುತ್ತಿತ್ತು. ಒಂದು ಮಧ್ಯಾಹ್ನ ಇಸ್ತ್ರಿ ಅಂಗಿಯ ಸಭ್ಯರೊಬ್ಬರು ಬಂದು ಮೇಜಿನ ಪಕ್ಕ ಸುಮ್ಮನೆ ನಿಂತರು. ಒಂದೊಂದು ಅರ್ಜಿಯನ್ನೂ ಬಗ್ಗಿ ನೋಡುತ್ತಿದ್ದರು. ಪರೀಕ್ಷೆಗೆ ಬಂದವರು ಇವರೇ ಎಂದುಕೊಂಡೆ. ಕುರ್ಚಿ ಕೊಟ್ಟೆ. ಚಹಾ, ಮಿರ್ಚಿ ಭಜಿ ತರಿಸಿದೆ. ಕೇಳದಿದ್ದರೂ ನಿಯಮಗಳನ್ನೆಲ್ಲ ಒಪ್ಪಿಸಿದೆ. ಅವರು ತಲೆಯಾಡಿಸುತ್ತ ಭಜಿ ಮುಗಿಸಿ, ಕೈ ಒರೆಸಿಕೊಂಡು ಎದ್ದರು.

"ಭಾಳ ಛಲೋ ಆತ್ರಿ ಬಾಯಾರ. ಅಳ್ನಾವರ ಬಸ್ಸು ಬಂತ ನೋಡ್ರಿ. ಬಿಸಲಾಗ ನಿಂದ್ರೂದ ತಪ್ಪಿತು."

ಪರೀಕ್ಷೆ

ನಿಜವಾದವರು ಬಂದದ್ದು ಸರಕಾರಿ ರಜೆಯೂ ಸಂತೆಯೂ ಒಟ್ಟಿಗೆ ಬಿದ್ದ ದಿನ. ತಲೆಗೆ ಮಡಿಕೆಯ ಗೆರೆಯೂ ಹೋಗಿರದ ಹೊಸ ಗಾಂಧಿ ಟೋಪಿ, ಕಾಲಲ್ಲಿ ಪಾಲಿಶ್ ಬೂಟು. ಅರ್ಜಿ, ಝೆರಾಕ್ಸ್ ಮುಂದಿಟ್ಟರು.

"ಮೂಲ ಪ್ರತಿ?"

"ಮನ್ಯಾಗ ಅದಾವ್ರಿ, ಮುಂದಿನ ಸಂತಿಗೆ ತರ್ತೇನಿ. ಅರ್ಜಿ ಈಗ ತಗೊಂಬಿಡ್ರಿ."

"ಆಗೋದಿಲ್ಲ" ಎಂದೆ. ಅವರು ಗೋಗರೆದರು. ಆಯಿ ಮೆಣಸಿನಕಾಯಿ ಬಿಟ್ಟು ತಲೆ ಎತ್ತಿದರು.

"ಯಾವೂರಪಾ ತಮ್ಮಾ?"

"ಗುಂಜಿ."

"ಗುಂಜ್ಯಾಗ ಯಾರ ಮನಿ?"

"ಪಾಟೀಲರ ಮನಿ. ಸ್ಟೇಶನ್ ಬಾಜೂಕ."

"ನನ್ನ ತವರುಮನಿ ಗುಂಜಿ. ಸ್ಟೇಶನ್ ಬಾಜೂಕ ಪಾಟೀಲರಿಲ್ಲ, ಬರೇ ಸಾಗವಾನಿ ಗಿಡ ಅದಾವ. ಇರಲಿ, ಹೇಂತಿ ಯಾವೂರಾಕಿ?"

ಮನುಷ್ಯ ಟೋಪಿ ಸರಿಮಾಡಿಕೊಂಡರು. ಇನ್ನೊಂದು ಊರು ಹೇಳಿ ಸಿಕ್ಕಿಬೀಳುವುದು ಬೇಡವೆಂದೋ ಏನೋ, "ಲಗ್ನ ಇನ್ನಾ ಆಗಿಲ್ರಿ" ಎಂದುಬಿಟ್ಟರು.

ಆಯಿ ಅವರ ಚೀಲಕ್ಕೆ ಬೆರಳು ತೋರಿಸಿದರು. "ಲಗ್ನ ಆಗಿಲ್ಲಂದ್ರ ಆ ಬುತ್ತಿಗೆ ಹಳೇ ಸೀರಿ ಹರದ ಗಂಟ ಕಟ್ಟಿದಾಕಿ ಯಾರು? ಊರು ಸುಳ್ಳು, ಮನಿತನ ಸುಳ್ಳು, ಹೇಂತಿ ಇದ್ರೂ ಇಲ್ಲಂತಾನ. ನನಗ ತಿಳೀತು! ಹೊಸಾ ಹೆಸರಿನ್ಯಾಗ ಕಾರ್ಡ್ ಮಾಡಿಸಿ ಎರಡನೇ ಲಗ್ನ ಆಗಾಂವ ಅದಾನ!"

ಸಂತೆಗೆ ಬಂದ ಹೆಂಗಸರೆಲ್ಲ ಪಡಸಾಲೆಗೆ ನುಗ್ಗಿದರು. "ಹೊರಗ ಬಿಡಬ್ಯಾಡ್ರಿ ಅವನ್ನ!" ಎಂದಳೊಬ್ಬಳು. ಮನುಷ್ಯ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಬಾಯಾರ, ನಾ ಕಂಪನಿಯಾಂವ್ರಿ. ನಿಮ್ಮ ಪರೀಕ್ಷಾ ಮಾಡಾಕ ಬಂದೇನಿ."

ಬೋರ್ಡು ಕಣ್ಣಮುಂದೆ ಬಂತು. ಆದರೂ ನಾಲಿಗೆ ತಾನಾಗಿ ಹೇಳಿತು: "ಗುರುತಿನ ಚೀಟಿ ತೋರಿಸಿ."

"ವೇಷದಾಗ ಬಂದೇನ್ರಿ. ಚೀಟಿ ಹುಬ್ಬಳ್ಳ್ಯಾಗ ಐತಿ."

"ಮೂಲ ಪ್ರತಿ ಇಲ್ಲದೆ ಹೇಗೆ ನಂಬೋದು?"

ಕೊನೆಗೆ ಪಕ್ಕದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ವಿಚಾರಿಸುವುದೆಂದಾಯಿತು. ರಜೆ, ಕಚೇರಿಯಲ್ಲಿ ಯಾರೂ ಎತ್ತಲಿಲ್ಲ. ಅವರು ಮನೆಯ ನಂಬರು ಕೊಟ್ಟರು. ಆ ಕಡೆ ಹೆಂಗಸಿನ ದನಿ ಕೇಳಿದ್ದೇ ತಡ, ಆಯಿ ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಯವ್ವಾ, ಖಾನಾಪುರದಿಂದ ಮಾತಾಡತೇನಿ. ನಿನ್ನ ಗಂಡ ಇಲ್ಲೆ ಒಬ್ಬಾಕಿ ಬಾಯಿ ಮುಂದ ಕುಂತು ಲಗ್ನ ಆಗಿಲ್ಲಂತ ಹೇಳಾಕತ್ತಾನ. ಹೆಸರೂ ಬ್ಯಾರೆ ಹೇಳತಾನ... ಯಾರ? ಬಾಯಿ? ದಕ್ಷಿಣದಾಕಿ. ಮಾತು ಭಾಳ ಮೆತ್ತಗ ಅದಾವ."

ಮನುಷ್ಯ ಬೂತಿನ ಬಾಗಿಲಲ್ಲೇ ತಲೆ ಮೇಲೆ ಕೈಹೊತ್ತು ಕೂತರು.

ನನ್ನ ಪ್ರಮಾಣಪತ್ರದ ಕಥೆ ಮುಗಿಯಿತು ಎಂದುಕೊಂಡೆ. ಈ ನಡುವೆ ವಕೀಲರ ಬೋರ್ಡು ಇಳಿಯಿತು, ನನ್ನದು ಏರಲಿಲ್ಲ. ಕಂಪನಿಯಿಂದ ಸದ್ದೇ ಇಲ್ಲ. ಬಹಳ ದಿನದ ಮೇಲೆ ಒಂದು ಸಂತೆಗೆ ಅದೇ ಮನುಷ್ಯ ಬಂದರು. ಟೋಪಿ ಇರಲಿಲ್ಲ. ಯಾರೂ ಕೇಳುವ ಮೊದಲೇ ಗುರುತಿನ ಚೀಟಿಯನ್ನು ಆಯಿಯ ಮುಖದ ಮುಂದೆ ಹಿಡಿದರು. ಆಮೇಲೆ ಚೀಲದಿಂದ ಒಂದು ಲಕೋಟೆ ತೆಗೆದು, "ಬಾಯಾರ, ಇಷ್ಟು ಗಟ್ಟಿ ಏಜೆಂಟ್ ನಮಗ ಎಲ್ಲೂ ಸಿಕ್ಕಿಲ್ರಿ. ಇದು ಕಾಯಂ ಪ್ರಮಾಣಪತ್ರ" ಎಂದರು.

ನಾನು ಕೈಚಾಚಿದೆ. ಅವರು ಕೊಡಲಿಲ್ಲ. ಹಿಂದೆ ತಿರುಗಿ ನೋಡಿದರು. ಹಿಂದೆ ಇಳಕಲ್ ಸೀರೆಯ ಒಬ್ಬ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಆ ಮೆತ್ತನ್ನ ಮಾತಿನ ಬಾಯಿ ಯಾರು?"

ಆಯಿ ಖುಷಿಯಿಂದ ನನ್ನನ್ನು ತೋರಿಸಿದರು.

ಆಕೆ ನನ್ನ ಬಿಳಿ ತಲೆಯಿಂದ ಶುರುಮಾಡಿ, ದಪ್ಪ ಕನ್ನಡಕಕ್ಕೆ ಇಳಿದು, ಹವಾಯಿ ಚಪ್ಪಲಿಯ ತನಕ ಸಾವಕಾಶವಾಗಿ ನೋಡಿದರು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟು ಗಂಡನ ಕಡೆ ತಿರುಗಿದರು.

"ಕೊಡ್ರಿ ಕೊಡ್ರಿ. ಇವ್ರಿಗೆ ಕೊಡಾಕ ನಂದೇನೂ ತಕರಾರಿಲ್ಲ."