ಕಲಬೆರಕೆ ಆಕಾಶ

ಅವಾಂತರಕ್ಕೆಲ್ಲ ಮೂಲ ಅಕ್ಕನ ದವಡೆಹಲ್ಲು.

ಆ ಖಗೋಳ ಸಂಸ್ಥೆಯಲ್ಲಿ ಒಂದು ಪದ್ಧತಿಯಿತ್ತು. ಎಲ್ಲರೂ 'ಅಕ್ಕ' ಎನ್ನುತ್ತಿದ್ದ ಹಿರಿಯ ವಿಜ್ಞಾನಿ ದೂರದರ್ಶಕದ ಚಿತ್ರಗಳಿಗೆ ಗುಟ್ಟಾಗಿ ಒಂದಿಷ್ಟು ನಕಲಿ ಗೆಲಾಕ್ಸಿ ಬೆರೆಸಿ ಕಿರಿಯರಿಗೆ ಕೊಡುತ್ತಿದ್ದರು. ಮೋಸಹೋಗದೆ ಅವನ್ನು ಹೆಕ್ಕಿದವನೇ ಜಾಣ.

ಆ ಕಿರಿಯರಲ್ಲೊಬ್ಬನಾದ ನಮ್ಮ ಪುಕ್ಕಲನ ಕೆಲಸ ಖಾಯಂ ಆಗುವುದೋ ಇಲ್ಲವೋ ಅಂದಿನ ಸಭೆಯಲ್ಲಿ ತೀರ್ಮಾನ. "ಈ ಸಲನೂ ಕೈ ಬೀಸ್ಕೊಂಡು ಬಂದ್ರೆ ನೋಡಿ ಮತ್ತೆ!" ಎಂದು ಹೆಂಡತಿ ಬೆಳಿಗ್ಗೆಯೇ ಗದರಿದ್ದಳು. ಪುಣ್ಯಕ್ಕೆ ಅವನ ಕೈಯಲ್ಲಿ ಭಾರಿ ಶೋಧವಿತ್ತು. ವಿಶ್ವ ಇನ್ನೂ ಹಸುಗೂಸಾಗಿದ್ದ ಕಾಲದ ಗೆಲಾಕ್ಸಿಗಳು ಚಿತ್ರದ ಒಂದು ಮೂಲೆಯಲ್ಲಿ ಗಿಜಿಗುಡುತ್ತಿದ್ದವು. ಇರುವೆ ಮುತ್ತಿದ್ದು ಕಂಡರೆ ಸಾಕು, ಸಕ್ಕರೆ ಚೆಲ್ಲಿದೆ ಎಂದು ಗೊತ್ತಾಗುವುದಿಲ್ಲವೇ? ಹಾಗೆಯೇ ಅವುಗಳ ಸುತ್ತ ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ದೊಡ್ಡ ರಾಶಿಯಾಗಿ ಕವಿದಿದೆ ಎಂದು ಅವನು ಲೆಕ್ಕ ಹಾಕಿದ್ದ.

ಪಕ್ಕದ ಮೇಜಿನವನು ಇಣುಕಿದ. "ಅಷ್ಟು ಎಳೇ ವಿಶ್ವದಲ್ಲಿ ಇಷ್ಟು ದೊಡ್ಡ ರಾಶಿನಾ? ಅಯ್ಯೋ ಪುಣ್ಯಾತ್ಮ, ಇದು ಅಕ್ಕನ ಕೈಚಳಕ! ಸಭೇಲಿ ಮಾನ ಹರಾಜಾಗುತ್ತೆ ನೋಡು."

ಪುಕ್ಕಲ ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿದ. ಅವರು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದರು, ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದವನು ಇಡೀ ಕಚೇರಿಯನ್ನೇ ಕರೆತಂದ. "ನಕಲಿನೇ, ಅನುಮಾನವೇ ಇಲ್ಲ" ಎಂದು ಎಲ್ಲರೂ ತೀರ್ಪು ಕೊಟ್ಟರು.

ಸಭೆಯಲ್ಲಿ ಪುಕ್ಕಲ ಸಂಸ್ಥೆಯ ನಿರ್ದೇಶಕಿಯ ಮುಂದೆ ಎಂದೂ ಇಲ್ಲದ ಧೈರ್ಯದಿಂದ ಎದ್ದು ನಿಂತ. "ಈ ಗುಂಪು ನಕಲಿ ಮೇಡಂ, ತೆಗೆದುಹಾಕಿದೀನಿ" ಎಂದು ಕಾರಣಗಳ ಸುರಿಮಳೆಯನ್ನೇ ಸುರಿಸಿದ. ಬಾಯಿ ತುಂಬ ಹತ್ತಿ ತುರುಕಿಕೊಂಡು ಬಂದಿದ್ದ ಅಕ್ಕ ಕೈ ಬೀಸಿದರು, ತಲೆ ಆಡಿಸಿದರು, ಮೇಜು ಗುದ್ದಿದರು.

"ಪಾಪ, ಎಷ್ಟು ನೋವೋ" ಎಂದು ಪಕ್ಕದ ಮೇಜಿನವನು ಅವರ ಬೆನ್ನು ಸವರಿದ.

ನಿರ್ದೇಶಕಿ ಮೆಚ್ಚಿಕೊಂಡರು. "ಕೈಗೆ ಬಂದ ಕೀರ್ತಿ ಬೇಡ ಅನ್ನೋಕೆ ಗುಂಡಿಗೆ ಬೇಕು ಕಣ್ರೀ" ಎನ್ನುತ್ತ ಅವನ ಖಾಯಂ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆರೆದರು.

ಅಕ್ಕ ಹತ್ತಿ ಕಿತ್ತೆಸೆದರು. "ಲೋ ಮಂಕೇ! ಹಲ್ಲುನೋವಲ್ಲಿ ಈ ಸಲ ನಾನೇನೂ ಬೆರೆಸೇ ಇಲ್ಲ ಕಣೋ! ಅದೆಲ್ಲ ಅಸಲಿ!"

ಪುಕ್ಕಲನಿಗೆ ಸ್ವರ್ಗ ಮೂರೇ ಗೇಣು. "ಹಾಗಾದ್ರೆ ಆ ಶೋಧ ನಂದೇ ಮೇಡಂ!"

"ನಿಮ್ಮದು ಹೇಗಾಗುತ್ತೆ? ಈಗ ತಾನೇ ನಕಲಿ ಅಂತ ಸಾಧಿಸಿದ್ರಲ್ಲ?" ನಿರ್ದೇಶಕಿ ಪೆನ್ನಿಗೆ ಮುಚ್ಚಳ ಹಾಕಿದರು. "ಅಸಲಿ ಅಂದೋರು ಅಕ್ಕ ಒಬ್ಬರೇ. ಅವರ ಹೆಸರಲ್ಲೇ ಪ್ರಕಟವಾಗ್ಲಿ. ನೀವು ಇನ್ನೊಂದು ವರ್ಷ ತಾತ್ಕಾಲಿಕವಾಗಿದ್ದು, ಅಸಲಿ ಯಾವುದು ಅಂತ ಕಲೀರಿ."

ಪುಕ್ಕಲ ಆಸೆಯಿಂದ ಅಕ್ಕನತ್ತ ನೋಡಿದ. ಅವರು ಅವಸರದಲ್ಲಿ ಹೊಸ ಹತ್ತಿ ಬಾಯಿಗೆ ತುರುಕಿಕೊಳ್ಳುತ್ತಿದ್ದರು.