ಕಾಜ್‌ನ ಅರ್ಧ ಕ್ಷೌರ

ಎಲ್ಲರೂ ಕಾಜ್ ಎಂದೇ ಕರೆಯುವ ಕಾಸಿಮಿರ್ ವ್ರೋಬೆಲ್ ಅವತ್ತು ಬೆಳಿಗ್ಗೆ ಸುಮ್ಮನೆ ತಲೆ ಬಗ್ಗಿಸಿ ಕ್ಷೌರ ಮಾಡಿಸಿಕೊಂಡು ಮನೆಗೆ ಹೋಗಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಆದರೆ ಅಮೆರಿಕದ ಬಫಲೋ ಊರಿನಲ್ಲಿ ಜುಲೈ ಮೂವತ್ತೊಂದನೇ ತಾರೀಕು, ಅದರಲ್ಲೂ ಜಿಗ್ಗಿ ಪಾವ್ಲಾಕ್‌ನ ಕ್ಷೌರದಂಗಡಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರುವುದು ಯಾರಿಂದಲೂ ಆಗದ ಕೆಲಸ. ಅವತ್ತು ಸಂಜೆ ಆರು ಗಂಟೆಗೆ ಬೇಸ್‌ಬಾಲ್ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು ಮುಗಿಯುತ್ತದೆ. ಬೆಳಿಗ್ಗೆಯಿಂದಲೇ ಊರಿಗೆ ಊರೇ ರೇಡಿಯೋಗೆ ಕಿವಿ ಅಂಟಿಸಿಕೊಂಡು ಚಡಪಡಿಸುತ್ತಿರುತ್ತದೆ.

ಒಂಬತ್ತೂವರೆಗೆ ಸುದ್ದಿ ಬಂತು. ಊರಿನ ಕಣ್ಮಣಿ, ಹತ್ತು ವರ್ಷದಿಂದ ಲೆಫ್ಟ್ ಫೀಲ್ಡ್, ಅಂದರೆ ಮೈದಾನದ ಎಡ ಅಂಚು, ಕಾಯುತ್ತಿದ್ದ ರಾಂಡಲ್ ಟೀಗ್‌ನನ್ನು ತಂಡ ಬಿಟ್ಟುಕೊಟ್ಟಿತ್ತು. ಬದಲಿಗೆ ಬರುವವರು ಯಾರೂ ಹೆಸರು ಕೇಳದ ಇಬ್ಬರು ಎಳೆಯರು. ಜೊತೆಗೆ ಮೂರನೆಯವನೊಬ್ಬ, 'ಹೆಸರು ಆಮೇಲೆ ಹೇಳುವ ಆಟಗಾರ.' ಬೇಸ್‌ಬಾಲಿನಲ್ಲಿ ಇದೊಂದು ಹಳೆಯ ಪದ್ಧತಿ. ಈಗ ಕೊಡುವುದನ್ನು ಕೊಟ್ಟುಬಿಡುತ್ತಾರೆ, ಉಳಿದೊಬ್ಬನ ಹೆಸರನ್ನು ಕೊಡುವ ಕಡೆಯವರು ತಮಗೆ ಬೇಕಾದಾಗ ಹೇಳುತ್ತಾರೆ.

ಮಿಸೆಸ್ ಟ್ರಿಂಬೋಲಿ ಕರವಸ್ತ್ರ ತೆಗೆದರು. ಎಪ್ಪತ್ತು ದಾಟಿದ ಈ ಹೆಂಗಸು ಕ್ಷೌರದಂಗಡಿಗೆ ಬರುತ್ತಿದ್ದದ್ದೇ ಜಗಳಕ್ಕೆ. "ಎಂಥಾ ಹುಡುಗ ಕಣ್ರೋ! ನನ್ನ ಮೊಮ್ಮಗಳ ಟೋಪಿ ಮೇಲೆ ಸೈನ್ ಹಾಕ್ಕೊಟ್ಟಿದ್ದ. ಅವನನ್ನ ಹಳೇ ಸೋಫಾ ಥರ ಬೀದಿಗೆ ಎಸೆದ್ರಲ್ಲ!"

"ಅಳೋದು ಬಿಡಿ ಮಿಸೆಸ್ ಟ್ರಿಂಬೋಲಿ," ಎಂದ ಕಾಜ್, ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯೊಳಗಿಂದ ಕೈ ಹೊರಗೆ ಹಾಕಿ. "ಪ್ರೀತಿ ಬೇರೆ, ಆಟ ಬೇರೆ. ಮೂವತ್ಮೂರು ವರ್ಷ ಆಯ್ತು ಅವನಿಗೆ. ಬಗ್ಗಿದ್ರೆ ಮಂಡಿ ಕಿರ್ ಅಂತದೆ. ಇನ್ನೂ ಯಾರೋ ಕೇಳೋರು ಇದಾರೆ ಅನ್ನೋವಾಗ್ಲೇ ದಾಟಿಸಿಬಿಡಬೇಕು."

"ಬಾಯಲ್ಲಿ ಹುಳ ಬೀಳ್ಲಿ ನಿಂಗೆ," ಎಂದರು ಮಿಸೆಸ್ ಟ್ರಿಂಬೋಲಿ.

"ಬರೋ ಹುಡುಗ್ರು ಓಡಕ್ಕಾದ್ರೂ ಬರುತ್ತೋ ಇಲ್ವೋ?" ಎಂದು ಡೆಲ್‌ರಾಯ್ ಗೇನ್ಸ್ ಪತ್ರಿಕೆಯ ಹಿಂದಿನಿಂದ ಕೇಳಿದ. ಮೂವತ್ತು ವರ್ಷ ಸಿಟಿ ಬಸ್ ಓಡಿಸಿ ನಿವೃತ್ತನಾದ ಅವನಿಗೆ ಯಾವುದಕ್ಕೂ ಆತುರವಿರಲಿಲ್ಲ.

"ಎಳೇ ಕಾಲು ಕಣಯ್ಯಾ!" ಎಂದ ಕಾಜ್. "ಎಳೆಯರು ಬಂದ್ರೆ ಹಳಬರು ಜಾಗ ಬಿಡಬೇಕು. ಇನ್ನೊಂದು ವಿಷ್ಯ ಹೇಳ್ತೀನಿ ಕೇಳು. ಆ ಮೂರನೇವನು ಇದಾನಲ್ಲ, ಹೆಸರು ಹೇಳದೋನು, ಅವನಲ್ಲೇ ಇರೋದು ನಿಧಿ. ನಾನೇನಾದ್ರೂ ತಂಡ ನಡೆಸ್ತಿದ್ರೆ, ಮೂರನೇವನು ಇಲ್ದೆ ಯಾವ ಅದಲುಬದಲಿಗೂ ಒಪ್ತಿರಲಿಲ್ಲ."

ಜಿಗ್ಗಿ ಪಾವ್ಲಾಕ್ ಕತ್ತರಿ ನಿಲ್ಲಿಸಿದ. ಕನ್ನಡಿಯಲ್ಲಿ ಕಾಜ್‌ನನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿದ.

ಇಲ್ಲೊಂದು ಮಾತು ಹೇಳಬೇಕು. ಪಾವ್ಲಾಕ್‌ಗೂ ಒಂದು ತಂಡವಿತ್ತು. ಬೇಸ್‌ಬಾಲಿನ ತಮ್ಮನಂಥ ಸಾಫ್ಟ್‌ಬಾಲ್ ಆಟದ ಬಡಾವಣೆ ಲೀಗಿನಲ್ಲಿ ಅವನ ಅಂಗಡಿಯ ಹೆಸರಿನಲ್ಲಿ ಆಡುತ್ತಿದ್ದ ಆ ತಂಡಕ್ಕೆ ಡೆಲ್‌ರಾಯ್ ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್, ಸ್ಕೋರ್ ಬರೆಯುವವರು ಮಿಸೆಸ್ ಟ್ರಿಂಬೋಲಿ, ಇಪ್ಪತ್ತೆರಡು ವರ್ಷದಿಂದ ಲೆಫ್ಟ್ ಫೀಲ್ಡ್‌ನಲ್ಲಿ ನಿಲ್ಲುವವನು ಕಾಜ್. ವಯಸ್ಸು ಅರವತ್ತೊಂದು. ಹೋದ ವರ್ಷ ಹಿಟ್ಟಿನ ಗಿರಣಿಯವರು ಕೈಗೊಂದು ಗಡಿಯಾರ ಕಟ್ಟಿ ಮನೆಗೆ ಕಳಿಸಿದ ಮೇಲೆ, ಇದು ನನ್ನದು ಎಂದು ಅವನು ಹೇಳಿಕೊಳ್ಳಬಹುದಾಗಿದ್ದದ್ದು ಪಾರ್ಕಿನ ಆ ಹುಲ್ಲಿನ ತುಂಡೊಂದೇ. ದೊಡ್ಡವರನ್ನು ನೋಡಿ ಈ ಚಿಲ್ಲರೆ ಲೀಗಿನವರೂ ಅದೇ ದಿನ, ಅದೇ ಆರು ಗಂಟೆಯ ಗಡುವು ಇಟ್ಟುಕೊಂಡಿದ್ದರು. ಅವತ್ತು ಸಂಜೆ ಆರಕ್ಕೆ ಎದುರು ಬೀದಿಯ ಫರ್ಗಸ್ ಡೂಲಿಯ ಪಬ್ಬಿನ ತಂಡದೊಂದಿಗೆ ಪಂದ್ಯ.

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಪಾವ್ಲಾಕ್ ಒಳಕೋಣೆಗೆ ಹೋದ. "ಹ್ಞೂಂ... ಯಾರನ್ನ?... ನಿಜವಾಗ್ಲೂ?... ಎರಡು ಸಾಲದು ಫರ್ಗಸ್, ಮೂರನೇವನೂ ಬೇಕು," ಎಂಬ ಮಾತು ತೇಲಿಬಂತು. ಕಾಜ್‌ಗೆ ಅದು ಕೇಳಲಿಲ್ಲ. ಟೀಗ್‌ನ ಮಂಡಿಯ ಬಗ್ಗೆ ಅವನ ಉಪನ್ಯಾಸ ಇನ್ನೂ ಮುಗಿದಿರಲಿಲ್ಲ.

ಪಾವ್ಲಾಕ್ ಹೊರಗೆ ಬಂದವನೇ ಕಾಜ್‌ನ ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದ.

"ಏಳು ಕಾಜ್."

"ಏಳೋದೇನು? ಎಡಗಡೆ ಹಾಗೇ ಇದೆಯಲ್ಲೋ!"

"ಡೂಲಿ ತಂಡದೋರಿಗೆ ಸೀಸನ್ ಮುಗಿಯೋವರೆಗೂ ಇಲ್ಲಿ ಕ್ಷೌರ ಇಲ್ಲ. ಬೋರ್ಡ್ ನೋಡು. ನೀನೇ ಬರೆದಿದ್ದು."

ಬೋರ್ಡ್ ಗೋಡೆಯ ಮೇಲೆ ಇತ್ತು. ಅಕ್ಷರವೂ ಕಾಜ್‌ನದೇ. ಅವನು ಒಮ್ಮೆ ಬೋರ್ಡನ್ನೂ ಒಮ್ಮೆ ಪಾವ್ಲಾಕ್‌ನನ್ನೂ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಡೂಲಿ ಅವನ ಅಕ್ಕನ ಮಕ್ಕಳು ಇಬ್ರನ್ನೂ ಕೊಡ್ತಿದಾನೆ," ಎಂದ ಪಾವ್ಲಾಕ್. "ಇಪ್ಪತ್ತು ವರ್ಷದ ಹುಡುಗಿ ಮೇವ್, ಅವಳ ತಮ್ಮ ಹತ್ತೊಂಬತ್ತರ ಕಾನರ್. ಜೊತೆಗೆ ಹೆಸರು ಆಮೇಲೆ ಹೇಳೋನೊಬ್ಬ. ನಿನಗೆ, ಕಾಜ್! ನಿನಗೊಬ್ಬನಿಗೆ ಮೂರು ಜನ! ನಾನು ಬೇಡ ಅಂದ್ರೆ ನೀನೇ ನನ್ನ ಬೈತಿದ್ದೆ."

"ಜಿಗ್ಗೀ, ಇಪ್ಪತ್ತೆರಡು ವರ್ಷ ಕಣೋ..."

"ಪ್ರೀತಿ ಬೇರೆ, ಆಟ ಬೇರೆ," ಎಂದ ಡೆಲ್‌ರಾಯ್ ಪತ್ರಿಕೆ ಕೆಳಗಿಳಿಸದೆ.

ಮಿಸೆಸ್ ಟ್ರಿಂಬೋಲಿ ಆಗಲೇ ಕ್ಯಾಲೆಂಡರಿನಿಂದ ಜುಲೈ ಹಾಳೆ ಹರಿದು, ಅದರ ಬೆನ್ನಿಗೆ ದುಂಡಗೆ ಕರಾರು ಬರೆದು ಮುಗಿಸಿದ್ದರು. ಅಳು ಎಲ್ಲಿ ಹೋಗಿತ್ತೋ, ಮುಖ ಹಬ್ಬದಂತೆ ಬೆಳಗುತ್ತಿತ್ತು. "ಇಲ್ಲಿ ಪಾವ್ಲಾಕ್ ಸೈನ್ ಹಾಕಿದ್ದಾಯ್ತು. ಡೂಲಿ ಸೈನ್ ಬೇಕು. ಹೆಂಗೂ ಆ ಕಡೆಗೇ ಹೋಗ್ತೀಯಲ್ಲ, ತಗೊಂಡ್ಹೋಗು."

ಹೀಗೆ ಕಾಜ್ ಬಲಗಡೆ ಬೋಳಾಗಿ, ಎಡಗಡೆ ಪೊದೆಯಾಗಿ, ತನ್ನನ್ನು ಬಿಟ್ಟುಕೊಟ್ಟ ಚೀಟಿಯನ್ನು ತಾನೇ ಹಿಡಿದುಕೊಂಡು ಬೀದಿಗೆ ಬಂದ.

ಬೀದಿಗೆ ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು. ಬೇಕರಿಯ ಬಾಗಿಲಲ್ಲಿ ನಿಂತಿದ್ದ ಟಪಾಲಿನ ಹೆಂಗಸು ಡಾರ್ಲೀನ್ ಚೀಲ ಕೆಳಗಿಟ್ಟು ಅವನ ಕೈ ಕುಲುಕಿದಳು. "ಕೇಳ್ದೆ ಕಾಜ್. ಬೇಜಾರಾಯ್ತು. ಆದ್ರೆ ಮೂರು ಜನ ಕೊಟ್ರಂತಲ್ಲ! ಡೂಲಿಗೆ ಮೈ ಹುಷಾರಿಲ್ವಾ?" ಆಮೇಲೆ ಅವನ ತಲೆ ನೋಡಿ, "ಇದು ಅವರ ತಂಡದ ಫ್ಯಾಷನ್ನಾ?" ಎಂದು ಕೇಳಿದಳು. ಕಾಜ್ ಟೋಪಿಗಾಗಿ ತಲೆ ಮುಟ್ಟಿಕೊಂಡ. ಟೋಪಿ ಪಾವ್ಲಾಕ್‌ನ ಗೂಟದಲ್ಲೇ ಉಳಿದಿತ್ತು. ಅದರ ಮೇಲೆ ಪಾವ್ಲಾಕ್ ತಂಡದ ಗುರುತು ಬೇರೆ, ಇನ್ನು ಕೇಳುವ ಹಾಗೂ ಇರಲಿಲ್ಲ.

ಡೂಲಿಯ ಕಾಲಿಗೆ ಬಿದ್ದಾದರೂ ಈ ಕರಾರು ಮುರಿಸಬೇಕು ಎಂದುಕೊಂಡು ಕಾಜ್ ಪಬ್ಬಿನ ಬಾಗಿಲು ತಳ್ಳಿದ. ಫರ್ಗಸ್ ಡೂಲಿ ಎರಡೂ ಕೈ ಚಾಚಿ ಬಂದ. ಇಪ್ಪತ್ತೆರಡು ವರ್ಷ ಬೇಲಿಯಾಚೆಯಿಂದ 'ಏ ಗೂಬೆ' ಎಂದೇ ಕರೆಯುತ್ತಿದ್ದ ಮನುಷ್ಯ ಈಗ ಅಪ್ಪಿಕೊಂಡ.

"ಬಾ ರಾಜಾ, ಬಾ! ದೊಡ್ಡ ತಂಡಗಳ ಥರಾನೇ ದೇಹ ಪರೀಕ್ಷೆ ಮಾಡೇ ಸೈನ್ ಹಾಕೋದು ನಾನು. ಎಲ್ಲಿ, ಒಂದು ಸಲ ಕೂತು ಏಳು."

ಕಾಜ್‌ಗೆ ತಟ್ಟನೆ ಹೊಳೆಯಿತು. ಪರೀಕ್ಷೆಯಲ್ಲಿ ಫೇಲಾದರೆ ಕರಾರು ರದ್ದು! ಅವನು ಕುಕ್ಕರಗಾಲಿನಲ್ಲಿ ಕೂತ. ಮಂಡಿ ಹಳೇ ಬಾಗಿಲಿನ ಹಾಗೆ ಕಿರುಗುಟ್ಟಿತು. ನಾಟಕ ಮಾಡುವ ಅಗತ್ಯವೇ ಬೀಳಲಿಲ್ಲ, ನಿಜವಾಗಿಯೂ ಏಳಲಾಗಲಿಲ್ಲ. ಪಬ್ಬಿನ ಇಬ್ಬರು ಗಿರಾಕಿಗಳು ರಟ್ಟೆ ಹಿಡಿದು ಎತ್ತಬೇಕಾಯಿತು.

"ಭೇಷ್!" ಎಂದ ಡೂಲಿ.

"ಭೇಷಾ? ನಾನು ಎದ್ದೇ ಇಲ್ಲವಲ್ಲೋ ಮಾರಾಯ!"

"ಅದೆಲ್ಲ ಇರ್ಲಿ. ಲೋತಿ ಹೇಗಿದಾಳೆ? ಕೈ ನೋವು, ಬೆರಳು ನೋವು, ಅಂಥದ್ದೇನೂ ಇಲ್ಲ ತಾನೆ?"

"ನನ್ನ ಹೆಂಡ್ತಿ ಬೆರಳಿಗೂ ನನ್ನ ಮಂಡಿಗೂ ಏನು ಸಂಬಂಧ?"

"ಹೀಗೇ ಕೇಳ್ದೆ," ಎಂದು ಡೂಲಿ ತುಟಿ ಸವರಿಕೊಂಡು ಸೈನ್ ಹಾಕಿ, ಹಾಳೆಯನ್ನು ಪಾವ್ಲಾಕ್‌ಗೆ ಕಳಿಸಿಬಿಟ್ಟ. ಕಾಜ್‌ಗೆ ಹಸಿರು ಅಂಗಿಯೊಂದನ್ನು ಕೊಟ್ಟರು. ಅದು ಹೊಟ್ಟೆಯ ಹತ್ತಿರ ಬಂದು ನಿಂತುಬಿಟ್ಟಿತು.

ಮನೆಯಲ್ಲಿ ಲೋತಿ ಅಡಿಗೆಮನೆಯ ಮೇಜಿನ ತುಂಬ ಹಿಟ್ಟು ಹರಡಿಕೊಂಡು ಪಿಯರೋಗಿ ಎಂಬ ಪೋಲಿಷ್ ಕಡುಬು ಮಡಚುತ್ತಿದ್ದಳು. ಪ್ರತಿ ಪಂದ್ಯಕ್ಕೂ ನೂರಿಪ್ಪತ್ತು. ಆಲೂಗಡ್ಡೆ, ಚೀಸ್ ತುಂಬಿ, ಬೇಯಿಸಿ, ಬೆಣ್ಣೆಯಲ್ಲಿ ಈರುಳ್ಳಿಯ ಜೊತೆ ಹುರಿದು ತಂದಳೆಂದರೆ ಪಾರ್ಕಿನ ಆ ತುದಿಯಲ್ಲಿರುವ ಎದುರಾಳಿಗಳೂ ಆಟ ಮರೆತು ಮೂಗು ಎತ್ತುತ್ತಿದ್ದರು. ಗಂಡನ ತಲೆ ನೋಡಿ ಅವಳು ಲಟ್ಟಣಿಗೆ ಕೆಳಗಿಟ್ಟಳು.

"ಇದೇನ್ರೀ ಅವತಾರ?"

ಕಾಜ್ ಎಲ್ಲ ಹೇಳಿದ. "ಗಿರಣಿಯೋರು ಕಳಿಸ್ದಾಗ ಇಷ್ಟು ಸಂಕಟ ಆಗ್ಲಿಲ್ಲ ಲೋತಿ. ಅಲ್ಲಿ ನಾನು ಯಂತ್ರದ ಪಕ್ಕ ನಿಂತಿದ್ದೆ ಅಷ್ಟೆ. ಇಲ್ಲಿ ನಿಂತಾಗ ಚೆಂಡು ಬರೋದು ನನ್ನ ಕಡೆಗೇ."

ಲೋತಿ ಅವನ ಬೋಳು ಬದಿಯನ್ನು ಹಿಟ್ಟಿನ ಕೈಯಿಂದಲೇ ಸವರಿದಳು. ಆ ಕ್ಷಣ ಕಾಜ್‌ಗೆ ಅತ್ತೇಬಿಡಬೇಕು ಅನ್ನಿಸಿತು.

"ಅಂದ್ರೆ ಇವತ್ತು ಇದನ್ನೆಲ್ಲ ಡೂಲಿ ಕಡೆ ಬೆಂಚಿಗೆ ತರ್ತೀಯಲ್ಲ," ಎಂದ ಅವನು ಮೂಗೊರೆಸಿಕೊಂಡು.

ಲೋತಿಯ ಕೈ ತಟ್ಟನೆ ಹಿಂದೆ ಹೋಯಿತು. "ಕರಾರಿನಲ್ಲಿ ನನ್ನ ಹೆಸರು ಇದ್ಯೇನ್ರೀ?"

"ಇಲ್ಲ."

"ಹಾಗಾದ್ರೆ ನನ್ನನ್ನ ಯಾರೂ ಯಾರಿಗೂ ಕೊಟ್ಟಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಪಾವ್ಲಾಕ್ ಬೆಂಚಿನೋಳು. ನೀವು ಹೋದ್ರಿ ಅಂತ ನಾನ್ಯಾಕೆ ಹೋಗ್ಲಿ?"

ಸಂಜೆ ಐದೂವರೆಗೆ ಪಾರ್ಕಿನಲ್ಲಿ ಜನ ಸೇರಿದರು. ಕಾಜ್ ಹಸಿರು ಅಂಗಿಯೊಳಗೆ ಉಸಿರು ಬಿಗಿಹಿಡಿದು ಡೂಲಿಯ ಬೆಂಚಿನ ತುದಿಯಲ್ಲಿ ಕೂತಿದ್ದ. ಕಣ್ಣು ಮಾತ್ರ ಎದುರುಗಡೆಗೆ. ಅಲ್ಲಿ ಲೋತಿ ದೊಡ್ಡ ಅಲ್ಯೂಮಿನಿಯಂ ತಟ್ಟೆ ಹೊತ್ತು ಬಂದಳು. ಡೂಲಿಯ ತಂಡಕ್ಕೆ ತಂಡವೇ ಎದ್ದು ನಿಂತು ಕೈ ಒರೆಸಿಕೊಂಡಿತು. ತಟ್ಟೆ ಅವರ ಮುಂದೆ ನಿಲ್ಲಲಿಲ್ಲ. ಬೆಣ್ಣೆಯ ವಾಸನೆಯನ್ನು ಎಳೆದುಕೊಂಡು ನೆಟ್ಟಗೆ ಹೋಗಿ ಪಾವ್ಲಾಕ್‌ನ ಬೆಂಚಿನ ಮೇಲೆ ಕೂತಿತು.

ಡೂಲಿಯ ಮುಖ ಅಂಗಿಗಿಂತ ಹಸಿರಾಯಿತು. "ಅಯ್ಯೋ! ಅದು ನಮ್ಮ ಕಡೆ ಬರಬೇಕಿತ್ತಲ್ಲ!"

"ಯಾವುದು?" ಎಂದ ಕಾಜ್.

"ಪಿಯರೋಗಿ ಕಣೋ! ನೀನು ಬಂದ್ರೆ ಪಿಯರೋಗಿ ಬಂದ ಹಾಗೆ ಅಂದ್ಕೊಂಡೆ. ಇಲ್ದಿದ್ರೆ ನಿನ್ನ ಮಂಡಿಗೆ ಯಾವ ಮುಟ್ಠಾಳ ಇಬ್ಬರು ಹುಡುಗರನ್ನ ಕೊಡ್ತಾನೆ?"

ಕಾಜ್‌ಗೆ ಬೆಳಗಿನಿಂದ ಆದ ಎಲ್ಲ ಅವಮಾನಕ್ಕಿಂತ ಇದು ಹೆಚ್ಚು ನಾಟಿತು. ಮೂರು ಜನರ ತೂಕದವನು ತಾನು ಎಂದು ಒಳಗೊಳಗೇ ಒಂದು ಚೂರು ಬೀಗಿದ್ದ, ಪಾಪ. ತೂಗಿದ್ದು ತಟ್ಟೆ ಎಂದು ಈಗ ತಿಳಿಯಿತು.

ಡೂಲಿ ಪಾವ್ಲಾಕ್‌ನ ಮುಂದೆ ಹೋಗಿ ಹಾರಾಡಿದ, ಹುಡುಗರನ್ನು ವಾಪಸ್ ಕೇಳಿದ. ಪಾವ್ಲಾಕ್ ಕ್ಯಾಲೆಂಡರ್ ಹಾಳೆ ತೋರಿಸಿ ಪಿಯರೋಗಿ ಮೆಲ್ಲುತ್ತ ನಿಂತ. ಆರಕ್ಕೆ ಹತ್ತು ನಿಮಿಷವಿತ್ತು. ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದ ಡೂಲಿ ಇದ್ದಕ್ಕಿದ್ದಂತೆ ಕೂಗಿದ.

"ನಿಲ್ಲು! ಹೆಸರು ಆಮೇಲೆ ಹೇಳೋ ಆಟಗಾರ ಒಬ್ಬ ಬಾಕಿ ಇದಾನಲ್ಲ? ಈಗ ಹೇಳ್ತೀನಿ ಬರ್ಕೋ. ಕಾಸಿಮಿರ್ ವ್ರೋಬೆಲ್! ಕರ್ಕೊಂಡ್ಹೋಗಿ ನಿಮ್ಮ ದರಿದ್ರಾನ. ನನ್ನ ಬೆಂಚಲ್ಲಾದ್ರೂ ಜಾಗ ಆಗುತ್ತೆ."

ಕಾಜ್ ಅರವತ್ತೊಂದು ವರ್ಷ, ಮಂಡಿ, ಎಲ್ಲ ಮರೆತು ಮೈದಾನದ ನಡುವೆ ಓಡಿದ. ಓಟದಲ್ಲೇ ಹಸಿರು ಅಂಗಿ ಬೆನ್ನಿನಲ್ಲಿ ಪರ್ ಎಂದು ಹರಿಯಿತು. "ಬಂದೆ ಜಿಗ್ಗೀ! ನಾನು ಬಂದೆ!"

ಪಾವ್ಲಾಕ್ ಅವನನ್ನು ಅಪ್ಪಿಕೊಂಡ. ಡೆಲ್‌ರಾಯ್ ಕ್ಯಾಚರ್‌ನ ಮುಖವಾಡ ಎತ್ತಿ ನಿಧಾನವಾಗಿ ವಿವರಿಸಿದ: "ಕೊಟ್ಟಿದ್ದು ಒಬ್ಬ ಕಾಜ್. ಬಂದಿದ್ದು ಒಬ್ಬ ಕಾಜ್, ಮೇಲೆ ಇಬ್ಬರು ಹುಡುಗರು. ಈ ಲೀಗಲ್ಲಿ ಇಂಥಾ ಅದಲುಬದಲು ನಾನು ಕಂಡಿಲ್ಲ."

"ಮೂರನೇವನಲ್ಲೇ ನಿಧಿ ಅಂತ ಕಾಜ್ ಬೆಳಿಗ್ಗೇನೇ ಹೇಳಿದ್ದ," ಎಂದರು ಮಿಸೆಸ್ ಟ್ರಿಂಬೋಲಿ, ಸ್ಕೋರ್ ಪುಸ್ತಕದಲ್ಲಿ ಅವನ ಹೆಸರನ್ನು ಮತ್ತೆ ಬರೆಯುತ್ತ.

ಕಾಜ್ ಕೈಗವಸು ತೊಟ್ಟು, ಮುಷ್ಟಿಯಿಂದ ಎರಡು ಸಲ ಗುದ್ದಿ, ಲೆಫ್ಟ್ ಫೀಲ್ಡ್ ಕಡೆಗೆ ಹೊರಟ. ಅವನ ಹುಲ್ಲಿನ ಮೇಲೆ, ಅವನು ನಿಂತು ನಿಂತು ಬೋಳಾಗಿಸಿದ್ದ ಅದೇ ಜಾಗದಲ್ಲಿ, ಮೇವ್ ನಿಂತಿದ್ದಳು. ಜಿಂಕೆಯಂಥ ಕಾಲು.

"ಕಾಜ್," ಎಂದು ಪಾವ್ಲಾಕ್ ಹಿಂದಿನಿಂದ ಮೆಲ್ಲಗೆ ಕರೆದ. "ಎಳೆಯರು ಬಂದ್ರೆ ಹಳಬರು..."

"ಸಾಕು, ಮುಗಿಸ್ಬೇಡ," ಎಂದು ಕಾಜ್ ತಿರುಗಿ ಬಂದು ಬೆಂಚಿನ ಮೇಲೆ ಲೋತಿಯ ಪಕ್ಕ ಕೂತ. ಅವಳು ಒಂದು ಪಿಯರೋಗಿ ಅವನ ಕೈಗಿಟ್ಟಳು.

ಮೂರನೇ ಇನಿಂಗ್ಸಿನಲ್ಲಿ ಡೂಲಿ ಕಡೆಯವನೊಬ್ಬ ಚೆಂಡನ್ನು ಬೇಲಿಯವರೆಗೆ ಬಾರಿಸಿದ. ಮೇವ್ ಓಡಿ, ಹಾರಿ, ಗಾಳಿಯಲ್ಲೇ ಹಿಡಿದಳು. ಕಾಜ್ ಜೀವಮಾನದಲ್ಲಿ ಅಂಥ ಚೆಂಡು ಹಿಡಿದಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವನು ಅವನೇ. ತಟ್ಟಿದ ಮೇಲೆ ಅದು ತನ್ನ ಜಾಗ ಎಂದು ನೆನಪಾಗಿ, ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡು ಕೂತ.

ಡಾರ್ಲೀನ್ ಬೇಲಿಯ ಆಚೆಯಿಂದ ಕೇಳಿದಳು, "ಕಾಜ್, ಟೀಗ್‌ನ ಕೊಟ್ಟುಬಿಟ್ರಲ್ಲ, ಏನಂತೀಯಾ?"

"ಅನ್ಯಾಯ!" ಎಂದು ಗುಡುಗಿದ ಕಾಜ್. "ಮೂವತ್ಮೂರು ಒಂದು ವಯಸ್ಸೇನಮ್ಮಾ? ಮನುಷ್ಯತ್ವ ಬೇಡ್ವಾ?"

ಪಂದ್ಯ ಪಾವ್ಲಾಕ್ ತಂಡವೇ ಗೆದ್ದಿತು. ಎಲ್ಲರೂ ಚೀಲ ಕಟ್ಟಿಕೊಂಡು ಹೊರಡುವಾಗ ಕಾಜ್ ತಲೆಯ ಎಡಬದಿಯನ್ನು ಕೆರೆದುಕೊಳ್ಳುತ್ತ ಪಾವ್ಲಾಕ್‌ನ ಹತ್ತಿರ ಬಂದ.

"ಈಗಂತೂ ನಾನು ನಿನ್ನ ಕಡೆಯೋನೇ ತಾನೆ? ಉಳಿದರ್ಧ ಯಾವಾಗ ಮಾಡ್ತೀಯಾ?"

ಪಾವ್ಲಾಕ್ ಮೇವ್ ಮತ್ತು ಕಾನರ್ ಕಡೆ ನೋಡಿದ. ಇಬ್ಬರ ಕೂದಲೂ ಭುಜ ಮುಟ್ಟುತ್ತಿತ್ತು.

"ನಾಳೆ ಮೊದ್ಲು ಈ ಹುಡುಗ್ರದ್ದು," ಎಂದ. "ನಿನ್ನದು ಆಮೇಲೆ ಹೇಳ್ತೀನಿ."